ಕಲಕಿದರೆ ನೀರು, ಬಿಟ್ಟರೆ ಜೆಲ್: ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಸಂಘದಲ್ಲಿ ಪಾತ್ರೆ ತೊಳೆಯುವ ಜೆಲ್ ಮಾಡುತ್ತೇವೆ. ಡ್ರಿಲ್‌ಗೆ ರಾಡ್ ಸಿಕ್ಕಿಸಿ ಕಲಕುವಾಗ ತೆಳ್ಳಗೆ ಕಂಡಿತೆಂದು ಉಪ್ಪು ಹಾಕುತ್ತಲೇ ಹೋದೆವು. ಮರುದಿನ ಪೂರ್ತಿ ನೀರು, ಮೇಲೆ ಮಬ್ಬು ಬೇರೆ. ತಪ್ಪೆಲ್ಲಿ?
— ಓದುಗರು, ಜಮಖಂಡಿ

ಉತ್ತರ: ಉಪ್ಪು ಹಾಕಿದ ಹೊತ್ತಿನಲ್ಲಿ. ಜೆಲ್‌ನಲ್ಲಿ ಜಿಡ್ಡು ತೆಗೆದು ನೊರೆ ಕೊಡುವ ರಾಸಾಯನಿಕ ಎಸ್‌ಎಲ್‌ಇಎಸ್. ಅದರ ಅಣುಗಳು ನೀರಿನಲ್ಲಿ, ನೀರನ್ನು ಒಲ್ಲದ ಬಾಲವನ್ನು ಒಳಗೆ, ನೀರಿಗೆ ಒಗ್ಗುವ ತಲೆಯನ್ನು ಹೊರಗೆ ಮಾಡಿ ಗುಂಪುಗೂಡುತ್ತವೆ. ಈ ಗುಂಪೇ ಮಿಸೆಲ್. ಉಪ್ಪು ಕಡಿಮೆಯಿದ್ದಾಗ ಅದು ಗುಂಡಗೆ. ತಕ್ಕಷ್ಟು ಉಪ್ಪು ಬಿದ್ದರೆ ತಲೆಗಳು ಒಂದನ್ನೊಂದು ದೂಡುವುದು ತಗ್ಗಿ, ಮಿಸೆಲ್ ಉದ್ದಕ್ಕೆ ಬೆಳೆದು ಎಳೆಯಾಗುತ್ತದೆ. ದಪ್ಪ 4–5 ನ್ಯಾನೊಮೀಟರ್, ಉದ್ದ ಅದರ ನೂರಾರು ಪಟ್ಟು. ಬೆಂದ ಶಾವಿಗೆಯಂತೆ ಈ ಎಳೆಗಳು ತೊಡರಿಕೊಂಡಾಗಲೇ ಜೆಲ್ ಗಟ್ಟಿ.

ಡ್ರಿಲ್ ಜೋರಾಗಿ ತಿರುಗಿದಾಗ ಎಳೆಗಳು ಬಾಚಿದ ಕೂದಲಿನಂತೆ ಹರಿವಿನ ದಿಕ್ಕಿಗೆ ಮಲಗುತ್ತವೆ, ತೊಡರು ಸಡಿಲಾಗುತ್ತದೆ. ರಾಡಿನ ಸುತ್ತ ನೀರಿನಂತೆ ಓಡುವಾಗಲೂ ಬಕೆಟ್ಟಿನ ಅಂಚಿನ ಜೆಲ್ ಅಲುಗದೆ ನಿಂತಿರುವುದನ್ನು ನೀವೇ ಕಂಡಿರಬಹುದು. ಇದರಿಂದ ಜೆಲ್ ಕೆಡುವುದಿಲ್ಲ. ಈ ಎಳೆಗಳು ಸದಾ ತುಂಡಾಗಿ ಮತ್ತೆ ಕೂಡುವಂಥವು; ಕಲಕುವುದು ನಿಂತ ಕೆಲವು ಸೆಕೆಂಡು, ಹೆಚ್ಚೆಂದರೆ ನಿಮಿಷಗಳಲ್ಲಿ ತೊಡರು ಮರಳುತ್ತದೆ. ಅಷ್ಟು ತಾಳದೆ ಉಪ್ಪು ಸುರಿದರೆ ಗಟ್ಟಿತನದ ತುದಿ ದಾಟಿ ಆಚೆ ಇಳಿಯುತ್ತೀರಿ. ಅಲ್ಲಿ ಎಳೆಗಳು ಕವಲೊಡೆದು ಸಲೀಸಾಗಿ ಜಾರುತ್ತವೆ. ಉಪ್ಪು ಇನ್ನೂ ಏರಿದರೆ ಮಿಸೆಲ್‌ಗಳೇ ನೀರಿನಿಂದ ಬೇರ್ಪಡುತ್ತವೆ. ನಿಮಗೆ ಕಂಡ ಮಬ್ಬು ಅದು.

10 ಕಿಲೋಗೆ ಶೇ. 70ರ ಎಸ್‌ಎಲ್‌ಇಎಸ್ ಪೇಸ್ಟ್ 1.5 ಕಿಲೋ, ಶೇ. 30ರ ಬೀಟೇನ್ (ಎಸ್‌ಎಲ್‌ಇಎಸ್ ಜೊತೆ ಹಾಕುವ ಇನ್ನೊಂದು ನೊರೆ ದ್ರವ) ಅರ್ಧ ಕಿಲೋ, ನೀರು 7 ಕಿಲೋ ತೆಗೆದುಕೊಳ್ಳಿ. ಬೀಟೇನ್‌ನಲ್ಲೇ ಸುಮಾರು ಶೇ. 5 ಉಪ್ಪಿರುತ್ತದೆ, ಲೆಕ್ಕದಲ್ಲಿರಲಿ. 200 ಗ್ರಾಂ ಉಪ್ಪನ್ನು 600 ಗ್ರಾಂ ನೀರಿನಲ್ಲಿ ಕರಗಿಸಿಟ್ಟು, ಪರಿಮಳ ಹಾಕಿದ ಮೇಲೆಯೇ ಆ ಉಪ್ಪುನೀರನ್ನು ಸಲಕ್ಕೆ 100 ಗ್ರಾಂನಂತೆ ಸೇರಿಸಿ. ಪರಿಮಳದ ಎಣ್ಣೆಯೂ ಗಟ್ಟಿತನವನ್ನು ಏರುಪೇರು ಮಾಡುತ್ತದೆ. ಪ್ರತಿ ಸಲವೂ ಕಲಕುವುದನ್ನು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ನೋಡಿ. ಇಡೀ ಬಕೆಟ್ಟಿಗೆ ಕೈ ಹಾಕುವ ಮೊದಲು ನಾಲ್ಕು ಲೋಟಗಳಲ್ಲಿ 100 ಗ್ರಾಂನಂತೆ ತೆಗೆದು, 1, 1.5, 2, 2.5 ಗ್ರಾಂ ಉಪ್ಪಿನಿಂದ ಪರೀಕ್ಷಿಸುವುದು ಇನ್ನೂ ಒಳ್ಳೆಯದು. ಬೋರ್‌ವೆಲ್ಲಿನ ಸವಳು ನೀರಾದರೆ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೇ ಉಪ್ಪಿನ ಕೆಲಸ ಮಾಡುವುದರಿಂದ ತುದಿ ಬೇಗ ಬರುತ್ತದೆ.

ಎಳೆ ಕಟ್ಟಿದೆಯೇ ಎಂದು ತಿಳಿಯಲು ಗಾಜಿನ ಲೋಟವನ್ನು ಗರ್‍ರನೆ ತಿರುಗಿಸಿ ಥಟ್ಟನೆ ನಿಲ್ಲಿಸಿ, ಒಳಗಿನ ಗಾಳಿಗುಳ್ಳೆಯನ್ನೇ ನೋಡಿ. ಗುಳ್ಳೆ ಮುಂದೆ ಹೋಗಿ ನಿಂತು, ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಂಡರೆ ತೊಡರು ಕೂಡಿದೆ.

ಕೆಟ್ಟ ಮಾಲನ್ನು ಚೆಲ್ಲಬೇಡಿ. ಉಪ್ಪಿಲ್ಲದ ಹೊಸ ಮಾಲು ಮಾಡಿ, ಸ್ವಲ್ಪಸ್ವಲ್ಪ ಬೆರೆಸಿ ನೋಡಿ.

ಪ್ರಶ್ನೆ: ತಾಸುಗಟ್ಟಲೆ ಕಲಕಿದರೂ ಎಸ್‌ಎಲ್‌ಇಎಸ್ ಪೇಸ್ಟಿನ ಗಂಟು ಕರಗುವುದಿಲ್ಲ.
— ಓದುಗರು, ಸಿಂದಗಿ

ಉತ್ತರ: ಪೇಸ್ಟಿನ ಮೇಲೆ ನೀರು ಹೊಯ್ಯುತ್ತಿದ್ದೀರಿ ಎಂದು ತೋರುತ್ತದೆ. ಶೇ. 70ರಲ್ಲಿ ಅದು ಪದರು ಪದರಾಗಿದ್ದು, ದೂಡಿದರೆ ಜಾರುತ್ತದೆ. ನೀರು ಸೇರಿ ಸುಮಾರು ಶೇ. 30ರಿಂದ 60ರ ನಡುವೆ ಬಂದಾಗ ಮಾತ್ರ ಉದ್ದ ಕೋಲುಗಳು ಒತ್ತಾಗಿ ಜೋಡಿಸಿಕೊಂಡ ಬಿರುಸು ಜೆಲ್. ಗಂಟಿನ ಸುತ್ತ ಅದೇ ಸಿಪ್ಪೆ ಕಟ್ಟಿ ನೀರನ್ನು ತಡೆಯುತ್ತದೆ. ಪೇಸ್ಟನ್ನು ನಿಂಬೆಹಣ್ಣಿನಷ್ಟು ತುಣುಕು ಮಾಡಿ ನೀರಿಗೆ ಹಾಕಿ, ಅಗಲ ಪಟ್ಟಿಯಿಂದ ನಿಧಾನ ಕಲಕಿ, ರಾತ್ರಿ ನೆನೆಯಲು ಬಿಡಿ. ವೇಗ ಹೆಚ್ಚಿಸಿದರೆ ನೊರೆಯಷ್ಟೇ ಲಾಭ.

ಪ್ರಶ್ನೆ: ಹೇರ್ ಕಂಡೀಷನರ್ ತಣಿದ ಮೇಲೆ ಬ್ಲೆಂಡರ್ ಹಾಕಿದೆ. ತೆಳ್ಳಗಾದದ್ದು ಎರಡು ದಿನವಾದರೂ ಗಟ್ಟಿಯಾಗಲಿಲ್ಲ.
— ಓದುಗರು, ಬೆಳಗಾವಿ

ಉತ್ತರ: ಇದು ಶಾವಿಗೆಯಲ್ಲ, ಹಪ್ಪಳದ ಅಡಕಲು. ಮೇಣದಂಥ ಸೀಟೊಸ್ಟಿಯರಿಲ್ ಆಲ್ಕೊಹಾಲ್ ತಣಿಯುವಾಗ, ಕೂದಲನ್ನು ನಯಗೊಳಿಸುವ ಬೆಹೆನ್‌ಟ್ರೈಮೋನಿಯಂ ಜೊತೆ ಗಡುಸು ಪದರು ಕಟ್ಟಿ, ನಡುವೆ ನೀರನ್ನು ಹಿಡಿದಿಡುತ್ತದೆ. ತಣ್ಣಗಾದಾಗ ಈ ಅಣುಗಳ ಬಾಲಗಳು ಹೆಪ್ಪುಗಟ್ಟಿರುವುದರಿಂದ ಮುರಿದ ಪದರು ತಾನಾಗಿ ಕೂಡದು. ಬ್ಲೆಂಡರ್ 70–75 ಡಿಗ್ರಿಯಲ್ಲಿ ಮಾತ್ರ. 45ರ ಕೆಳಗೆ ಸೌಟಿನಿಂದ ಮೆಲ್ಲಗೆ. ಈಗಿನದನ್ನು ಮತ್ತೆ 75ಕ್ಕೆ ಕಾಯಿಸಿ, ಆವಿಯಾದ ನೀರು ತೂಗಿ ತುಂಬಿ, ನಿಧಾನ ಕಲಕುತ್ತ ತಣಿಸಿ. ಪರಿಮಳ, ಪ್ರಿಸರ್ವೇಟಿವ್ ಶಾಖಕ್ಕೆ ಹಾಳಾಗಿರಬಹುದು. ತಣಿದ ಮೇಲೆ ಹೊಸದಾಗಿ ಹಾಕಲೇಬೇಕು.