ಹೋಟೆಲ್ ಕೆಲಸಕ್ಕೆ ಇಂಗ್ಲಿಷ್ ಎಷ್ಟು ಬೇಕು? ಬದಿಯಡ್ಕದ ತಮ್ಮನಿಗೆ

ನಿನ್ನ ಪ್ರಶ್ನೆ ಓದಿದೆ. ಬದಿಯಡ್ಕದ ಹತ್ತಿರ ಮನೆ, ಹತ್ತರವರೆಗೆ ಕನ್ನಡ ಮೀಡಿಯಂ, ಆಮೇಲೆ ಪ್ಲಸ್ ಟು. ದುಬೈಯ ಒಂದು ಹೋಟೆಲ್‌ನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಕರೆ ಬಂದಿದೆ. ಇಂಗ್ಲಿಷ್ ಎಷ್ಟು ಬೇಕು, ಕಾಸರಗೋಡು ಪೇಟೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಹಾಕಬೇಕಾ, ಸಂಬಳ ಉಳಿಯುತ್ತಾ, ಊಟ ಹೇಗೆ, ಬರುವಾಗ ಏನೇನು ತರಬೇಕು ಅಂತೆಲ್ಲ ಕೇಳಿದ್ದೀಯ. ಅಣ್ಣ ಅಂತ ಕರೆದಿದ್ದೀಯಲ್ಲ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಸಂಬಳ, ಊಟ ಮೊದಲು ಮುಗಿಸಿಬಿಡೋಣ. ಮನೆಗೆ ಕಳಿಸಿದ್ದು ಉಳಿಯುತ್ತದೆ, ಕೈಯಲ್ಲಿ ಇಟ್ಟುಕೊಂಡದ್ದು ಉಳಿಯುವುದಿಲ್ಲ. ಡ್ಯೂಟಿ ಊಟ ಸ್ಟಾಫ್ ಕ್ಯಾಂಟೀನಿನಲ್ಲಿ. ಬಿಳಿ ಅನ್ನ, ಕೋಳಿ, ಪುನಃ ಕೋಳಿ. ಕುಚ್ಚಿಲಕ್ಕಿ ಇಲ್ಲಿ ಮಲಯಾಳಿ ಅಂಗಡಿಗಳಲ್ಲಿ ಸಿಗುತ್ತದೆ, ರಜೆಯ ದಿನ ಬೇಯಿಸಿಕೊಳ್ಳಬಹುದು. ಸೆಖೆ ಹೊರಗೆ ಮಾತ್ರ. ಹೋಟೆಲ್ ಒಳಗೆ ಎಸಿ ಎಷ್ಟು ಅಂದರೆ ಯೂನಿಫಾರಂ ಒಳಗೆ ಬನಿಯನ್ ಬೇಕು. ಇದಕ್ಕಿಂತ ಹೆಚ್ಚು ಹೇಳುವಂಥದ್ದು ಇದರಲ್ಲಿ ಏನೂ ಇಲ್ಲ, ಬಂದ ವಾರದಲ್ಲೇ ನಿನಗೇ ಗೊತ್ತಾಗುತ್ತದೆ.

ಕಾಗದದ ವಿಷಯ ಸ್ವಲ್ಪ ಜಾಗ್ರತೆ. ವಿಸಿಟ್ ವೀಸಾದಲ್ಲಿ ಬಾ, ಕೆಲಸದ ವೀಸಾ ಆಮೇಲೆ ಮಾಡಿಸಿಕೊಡುತ್ತೇವೆ ಅಂತ ಏಜೆಂಟ್ ಅಂದರೆ ಬರಬೇಡ. ಆ ವೀಸಾದಲ್ಲಿ ಕೆಲಸ ಮಾಡುವುದು ಇಲ್ಲಿ ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಏಜೆಂಟ್ ಫೋನ್ ಎತ್ತುವುದಿಲ್ಲ. ಏಜೆಂಟ್‌ಗೆ ಲೈಸೆನ್ಸ್ ಉಂಟಾ ಅಂತ ನಮ್ಮ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಬಹುದು. ಲೈಸೆನ್ಸ್ ಇದ್ದವನು ನಿನ್ನಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಬಂದ ಮೇಲೆ ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಇರಬೇಕು. ಕಂಪನಿ ಅದನ್ನು ಇಟ್ಟುಕೊಳ್ಳುವುದು ಇಲ್ಲಿಯೂ ತಪ್ಪೇ.

ಈಗ ಇಂಗ್ಲಿಷ್.

ನಾನು ಬಂದದ್ದು 2006ರಲ್ಲಿ. ಮೊದಲ ದಿನ ಬೆಳಗ್ಗೆ ಬೇಸ್‌ಮೆಂಟಿನಲ್ಲಿ ಬ್ರೀಫಿಂಗ್. ಸೂಪರ್‌ವೈಸರ್ ಫಿಲಿಪೀನ್ಸಿನವಳು, ಪಕ್ಕದಲ್ಲಿ ನೇಪಾಳದವನು, ಹಿಂದೆ ಕೀನ್ಯಾದವನು. ಎಲ್ಲರೂ ಆಡುವುದು ಇಂಗ್ಲಿಷೇ, ಆದರೆ ಯಾರದ್ದೂ ನಮ್ಮ ಶಾಲೆಯ ಮಾಷ್ಟ್ರ ಇಂಗ್ಲಿಷ್ ಅಲ್ಲ. ಅವಳು ಕಾಗದ ನೋಡಿ ಪಟಪಟ ಓದುತ್ತಾ ಹೋದಳು. ಯಾವ ರೂಮು ಖಾಲಿ, ಯಾವುದು ಸ್ಟೇ ಓವರ್ (ಗೆಸ್ಟ್ ಇನ್ನೂ ಉಳಿದಿರುವ ರೂಮು), ಯಾರು ಲೇಟ್ ಚೆಕ್ ಔಟ್, ಯಾರಿಗೆ ಗರಿ ತುಂಬಿದ ದಿಂಬು ಆಗುವುದಿಲ್ಲ. ನನಗೆ ಸಿಕ್ಕಿದ್ದು ಅಂಕಿಗಳು ಮಾತ್ರ. ಅಷ್ಟೇ ಸಾಕಾಯಿತು! ಅದಕ್ಕೇ ಹೇಳುತ್ತೇನೆ, ಮೊದಲು ಅಂಕಿ ಗಟ್ಟಿ ಮಾಡು. ತರ್ಟೀನ್, ತರ್ಟಿ ಕಿವಿಯಲ್ಲಿ ಬೇರೆ ಬೇರೆ ಆಗಿ ಕೇಳಿಸಬೇಕು. 1508ಕ್ಕೆ ಫಿಫ್ಟೀನ್ ಓ ಎಯ್ಟ್ ಅನ್ನುತ್ತಾರೆ. ಅಮೆರಿಕದ ಗೆಸ್ಟ್ ತಾರೀಕು ಬರೆದರೆ ತಿಂಗಳು ಮೊದಲು, ದಿನ ಆಮೇಲೆ. 5/6 ಅಂತ ಕಂಡರೆ ಸುಮ್ನೆ ಜೂನ್ ಅಂದುಕೊಳ್ಳಬೇಡ, ಕೇಳು.

ಹೆಸರಿನ ಅಕ್ಷರ ಫೋನಿನಲ್ಲಿ ಹೇಳಲು ಆಲ್ಫಾ, ಬ್ರಾವೋ, ಚಾರ್ಲಿ ಅಂತ ಒಂದು ಪಟ್ಟಿ ಉಂಟು. ಇಪ್ಪತ್ತಾರೂ ಬಾಯಿಪಾಠ ಮಾಡು. ನಾವು ಮಗ್ಗಿ ಕಲಿತವರು, ಇದು ಯಾವ ಲೆಕ್ಕ.

ಗೆಸ್ಟ್ ಹತ್ತಿರ ಮಾತು ಜಾಸ್ತಿ ಇರುವುದಿಲ್ಲ. ಬಾಗಿಲು ತಟ್ಟಿ ಹೌಸ್‌ಕೀಪಿಂಗ್ ಅನ್ನಬೇಕು, ಕಾಯಬೇಕು, ಪುನಃ ತಟ್ಟಬೇಕು. ಕೇಳುವುದು ಟವೆಲ್, ಇಸ್ತ್ರಿ ಪೆಟ್ಟಿಗೆ, ಮಗುವಿನ ತೊಟ್ಟಿಲು, ಫೋನ್ ಅಡಾಪ್ಟರ್. ಅಡಾಪ್ಟರ್ ತುಂಬಾ ಕೇಳುತ್ತಾರೆ, ಯಾಕೆಂದರೆ ಇಲ್ಲಿ ಗೋಡೆಯಲ್ಲಿರುವುದು ಬ್ರಿಟಿಷರ ಚಪ್ಪಟೆ ಮೂರು ಪಿನ್ನು. ಒಂದು ಕಡೆ ಮಾತ್ರ ಎಲ್ಲರೂ ತಡವರಿಸುತ್ತಾರೆ. ವುಡ್ ಯು ಮೈಂಡ್ ಇಫ್ ಐ ಕ್ಲೀನ್ ನೌ ಅಂತ ಕೇಳಿದಾಗ ಗೆಸ್ಟ್ ನೋ ಅಂದರೆ ಒಳಗೆ ಬಾ ಅಂತ ಅರ್ಥ. ನಮ್ಮವರು ಸಾರಿ ಸರ್ ಅಂತ ಟ್ರಾಲಿ ತಳ್ಳಿಕೊಂಡು ಹೋಗಿಬಿಡುತ್ತಾರೆ. ಆ ಪ್ರಶ್ನೆಯೇ ಬೇಡ, ಮೇ ಐ ಕ್ಲೀನ್ ನೌ ಅಂತ ಕೇಳು, ಮುಗಿಯಿತು.

ಮಾತಿನ ಬಗ್ಗೆ ನಿನಗೆ ಹೆದರಿಕೆ ಬೇಡ. ನಮ್ಮ ಕಾಸರಗೋಡನ್ನು ಸುಮ್ನೆ ಸಪ್ತಭಾಷಾ ಸಂಗಮ ಭೂಮಿ ಅನ್ನುವುದಿಲ್ಲ. ನೀನು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ, ಪೇಟೆಯಲ್ಲಿ ಬ್ಯಾರಿ ಅಂತ ದಿನಾ ನಾಲ್ಕು ಕಡೆ ತಿರುಗಿದವನು. ಒಂದೇ ಭಾಷೆಯ ಊರಿಂದ ಬಂದವರಿಗೆ ಒಂದು ವರ್ಷ ಹಿಡಿಯುವುದು ನಮ್ಮವರಿಗೆ ಮಳೆಗಾಲ ಮುಗಿಯುವಷ್ಟರಲ್ಲಿ ಬರುತ್ತದೆ. ಇದು ಜಂಬ ಅಲ್ಲ, ನಾನು ಕಣ್ಣಾರೆ ನೋಡಿದ್ದು. (ಸ್ವಲ್ಪ ಜಂಬವೂ ಇರಲಿ ಬಿಡು.)

ಆದರೆ ನಮ್ಮವರು ಸೋಲುವುದು ಬರೆಯುವುದರಲ್ಲಿ. ಇದೊಂದನ್ನು ಸರಿಯಾಗಿ ಕೇಳಿಸಿಕೋ.

1956ರ ನವೆಂಬರ್ 1ಕ್ಕೆ ನಮ್ಮ ಊರು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಕನ್ನಡದವರಿಗೆ ಒಂದು ಅಭ್ಯಾಸ ಅಂಟಿಕೊಂಡಿದೆ. ಕಚೇರಿಯಲ್ಲಿ ಕೊಡುವ ಅರ್ಜಿ ಮಲಯಾಳಂನಲ್ಲಿ ಇರುತ್ತದೆ. ಮಾತಾಡಲು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಗಾಗಿ ಪಕ್ಕದಲ್ಲಿ ನಿಂತವರ ಕೈಗೆ ಪೆನ್ನು ಕೊಟ್ಟು, ಇದೊಂದು ತುಂಬಿಸಿ ಕೊಡಿ ಚೇಟ್ಟಾ ಅನ್ನುತ್ತೇವೆ. ನನ್ನ ಅಪ್ಪನೂ ಹಾಗೇ, ನಿನ್ನ ಅಪ್ಪನೂ ಹಾಗೇ ಇರಬಹುದು. ತಪ್ಪು ಅವರದ್ದಲ್ಲ, ಕನ್ನಡದಲ್ಲಿ ಅರ್ಜಿ ಕೊಟ್ಟಿದ್ದರೆ ಅವರೇ ತುಂಬಿಸುತ್ತಿದ್ದರು. ಆದರೆ ನಮ್ಮ ಹೆಸರಿನ ಕಾಗದವನ್ನು ಬೇರೆಯವರು ಬರೆಯುವುದು ನಮಗೆ ನಾಚಿಕೆಯೂ ಅಲ್ಲ, ಹೆದರಿಕೆಯೂ ಅಲ್ಲ. ಅದು ಅಲ್ಲಿ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ.

ನನ್ನ ಜೊತೆ ಮುಳ್ಳೇರಿಯ ಕಡೆಯ ಒಬ್ಬ ಹುಡುಗ ಇದ್ದ. ಕೆಲಸದಲ್ಲಿ ನನಗಿಂತ ಚುರುಕು. ಬೆಡ್‌ಶೀಟಿನ ಮೂಲೆ ಮಡಚಿದರೆ ಇಸ್ತ್ರಿ ಹಾಕಿದ ಹಾಗೆ ಕಾಣುತ್ತಿತ್ತು. ಮಾತೂ ಸಲೀಸು, ಗೆಸ್ಟ್‌ಗಳು ಅವನ ಹೆಸರು ಹಿಡಿದು ಕರೆಯುತ್ತಿದ್ದರು. ಒಂದು ದಿನ ಚೆಕ್ ಔಟ್ ಆದ ರೂಮಿನಲ್ಲಿ, ಮಂಚದ ಅಡಿಯಲ್ಲಿ ಅವನಿಗೆ ಒಂದು ಕಿವಿಯೋಲೆ ಸಿಕ್ಕಿತು. ಪ್ರಾಮಾಣಿಕ ಹುಡುಗ, ಆ ಕೂಡಲೇ ಆಫೀಸಿಗೆ ಕೊಟ್ಟ. ಅಲ್ಲಿ ಲಾಸ್ಟ್ ಆ್ಯಂಡ್ ಫೌಂಡ್ ಅಂತ ಒಂದು ರಿಜಿಸ್ಟರ್. ಸಿಕ್ಕಿದ ವಸ್ತು, ರೂಮ್ ನಂಬರ್, ಜಾಗ, ಹೊತ್ತು, ಸಿಕ್ಕಿದವನ ಹೆಸರು, ಸಹಿ. ಅವನು ಎಂದಿನ ಹಾಗೆ ಪೆನ್ನನ್ನು ಪಕ್ಕದವನಿಗೆ ಕೊಟ್ಟ. ಆ ಪುಣ್ಯಾತ್ಮ ಅವಸರದಲ್ಲಿ ರೂಮ್ ನಂಬರಿನ ಕೊನೆಯ ಎರಡು ಅಂಕಿ ಹಿಂದುಮುಂದು ಬರೆದ, ಹೊತ್ತು ಬರೆಯಲೇ ಇಲ್ಲ. ಇವನು ಓದದೆ ಸಹಿ ಹಾಕಿದ.

ಮರುದಿನ ಆ ರೂಮಿನಲ್ಲಿದ್ದ ಹೆಂಗಸಿನ ಫೋನ್ ಬಂತು. ರಿಜಿಸ್ಟರ್ ನೋಡಿದರೆ ಆ ರೂಮಿನಲ್ಲಿ ಏನೂ ಸಿಕ್ಕಿಲ್ಲ. ಬಾಗಿಲಿನ ಲಾಕ್‌ನಲ್ಲಿ ಯಾರ ಕಾರ್ಡ್ ಎಷ್ಟು ಹೊತ್ತಿಗೆ ತೆರೆದದ್ದು ಅಂತ ದಾಖಲೆ ಇರುತ್ತದೆ. ತೆರೆದದ್ದು ಇವನ ಕಾರ್ಡ್. ಇವನನ್ನು ಕರೆದು ಕೂರಿಸಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ಹಾಳೆ ಕೊಟ್ಟು, ನಡೆದದ್ದನ್ನು ಬರೆದು ಕೊಡು ಅಂದರು. ಹೊರಗೆ ನಿಂತು ನಾನು ಗಾಜಿನಲ್ಲಿ ನೋಡುತ್ತಿದ್ದೆ. ಬೇರೆ ಯಾರೂ ಒಳಗೆ ಹೋಗುವ ಹಾಗಿರಲಿಲ್ಲ. ಮಾತಲ್ಲಿ ಕೇಳಿದ್ದರೆ ಅವನು ಗಡಿಯಾರದ ಮುಳ್ಳು ಎಲ್ಲಿತ್ತು ಅನ್ನುವುದರ ಸಮೇತ ಹೇಳುತ್ತಿದ್ದ. ಹಾಳೆಯಲ್ಲಿ ಎರಡು ಸಾಲು ಬರೆದ, ಎರಡನ್ನೂ ಹೊಡೆದು ಹಾಕಿದ.

ಓಲೆ ಆಮೇಲೆ ಅದೇ ಆಫೀಸಿನ ಕಪಾಟಿನಲ್ಲಿ ಸಿಕ್ಕಿತು, ತಪ್ಪು ನಂಬರಿನ ಕವರಿನೊಳಗೆ. ಕಳ್ಳ ಅಲ್ಲ ಅಂತ ಆಯಿತು. ಆದರೆ ಅವನದ್ದು ಪ್ರೊಬೇಷನ್ ಸಮಯ, ಕನ್ಫರ್ಮ್ ಆಗಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಈಗ ಊರಲ್ಲಿ ತೋಟ ನೋಡಿಕೊಂಡು ಚೆನ್ನಾಗಿಯೇ ಇದ್ದಾನೆ. ನಾನು ರಜೆಯಲ್ಲಿ ಹೋದಾಗ ಜಾತ್ರೆಯಲ್ಲೋ ಮದುವೆಯಲ್ಲೋ ಸಿಗುತ್ತಾನೆ. ಮಳೆ, ಅಡಿಕೆ ರೇಟು, ಮಕ್ಕಳ ಶಾಲೆ ಎಲ್ಲ ಮಾತಾಡುತ್ತೇವೆ. ಆ ಹೋಟೆಲಿನ ಹೆಸರನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಹಾಗಾಗಿ ಕ್ಲಾಸಿನ ಬಗ್ಗೆ ನನ್ನ ಮಾತು ಇಷ್ಟು. ಅಲ್ಲಿ ಟೆನ್ಸ್ ಪಟ್ಟಿ ಬಾಯಿಪಾಠ ಮಾಡಿಸುತ್ತಾರೆ ಅಂತಾದರೆ ದುಡ್ಡು ಹಾಕಬೇಡ. ಅದರ ಬದಲು ಬೇಕಲದ ಕಡೆ ದೊಡ್ಡ ರೆಸಾರ್ಟ್‌ಗಳು ಉಂಟಲ್ಲ, ಅಲ್ಲಿ ಟ್ರೈನಿಯಾಗಿ ಸೇರಲು ಆಗುತ್ತದಾ ವಿಚಾರಿಸು. ಸಂಬಳ ಕಡಿಮೆ ಕೊಟ್ಟರೂ ಸರಿ. ಟ್ರಾಲಿ, ಪ್ಯಾಂಟ್ರಿ, ರೂಮ್ ಲಿಸ್ಟ್ ಎಲ್ಲ ಅದೇ. ಸಂಜೆ ಬಸ್ಸು ಹತ್ತಿದರೆ ಅಮ್ಮನ ಕೈಯ ಊಟ. ಆ ಸುಖ ಎಲ್ಲಿ ಸಿಗುತ್ತದೆ ಮಾರಾಯ.

ಮತ್ತೆ ದಿನಾ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಇಂಗ್ಲಿಷ್ ಬರೆ. ಕಥೆ, ಪ್ರಬಂಧ ಬೇಡ. ಏನು, ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಕೈಗೆ. ‘ಒನ್ ಇಯರ್‌ರಿಂಗ್, ಯೆಲ್ಲೋ ಮೆಟಲ್, ಫೌಂಡ್ ಅಂಡರ್ ದ ಬೆಡ್, ರೂಮ್ 1214, 11.20 ಎಎಂ, ಗಿವನ್ ಟು ಹೌಸ್‌ಕೀಪಿಂಗ್ ಆಫೀಸ್.’ ಇಷ್ಟೇ. ಯೆಲ್ಲೋ ಮೆಟಲ್ ಅಂದದ್ದು ಯಾಕೆ ಗೊತ್ತಾ? ಗೋಲ್ಡ್ ಅಂತ ಬರೆದರೆ ನಾಳೆ ಗಿಲೀಟಿನ ಓಲೆಗೂ ಚಿನ್ನದ ಲೆಕ್ಕ ಕೊಡಬೇಕಾಗುತ್ತದೆ. ಕಲ್ಲಿದ್ದರೂ ಹಾಗೇ, ವೈಟ್ ಸ್ಟೋನ್ ಅನ್ನು, ಡೈಮಂಡ್ ಅನ್ನಬೇಡ. ನಿಮ್ಮ ತೋಟದಲ್ಲಿ ಬೈಲಿಗೆ ಬಿದ್ದ ತೆಂಗಿನಕಾಯಿ, ಕೊಟ್ಟಿಗೆಯಲ್ಲಿ ಕಾಣದ ಕತ್ತಿ, ಯಾವುದನ್ನಾದರೂ ಹೀಗೆ ಬರೆದು ನೋಡು. ಗ್ರಾಮರ್ ತಪ್ಪಿದರೆ ಯಾರೂ ಕೇಳುವುದಿಲ್ಲ. ನಂಬರ್ ತಪ್ಪಬಾರದು. ಬರೆದ ಮೇಲೆ ಅಂಕಿಯನ್ನು ಬೆರಳಿಟ್ಟು ಓದು. ನಾನು ಈಗಲೂ ಹಾಗೆಯೇ ಓದುವುದು, ನನ್ನ ಕೈಕೆಳಗಿನ ಹುಡುಗರು ನಗುತ್ತಾರೆ.

ಇದೇ ಕಣ್ಣಿನಿಂದ ಆಫರ್ ಲೆಟರನ್ನೂ ಓದು. ಇಲ್ಲಿನ ಕಾರ್ಮಿಕ ಇಲಾಖೆಯ ಆಫರ್ ಅರಬಿಕ್, ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆಯಲ್ಲಿ ಬರುತ್ತದೆ. ಮಲಯಾಳಂ ಉಂಟು, ತಮಿಳು ಉಂಟು, ಹಿಂದಿ ಉಂಟು. ಕನ್ನಡ ಇಲ್ಲ. ಕೇರಳದವನು ಅಂತ ಏಜೆಂಟ್ ನಿನಗೆ ಮಲಯಾಳಂ ಪ್ರತಿ ಕೊಟ್ಟಾನು. ನೀನು ಇಂಗ್ಲಿಷ್ ಭಾಗ ಓದು. ಬೇಸಿಕ್ (ಮೂಲ ಸಂಬಳ) ಎಷ್ಟು, ಅಲೋವೆನ್ಸ್ (ಭತ್ಯೆ) ಎಷ್ಟು ಅಂತ ಬೇರೆ ಬೇರೆ ನೋಡು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಯಿಟಿ ಬೇಸಿಕ್ ಮೇಲೆ ಮಾತ್ರ ಲೆಕ್ಕ, ಮೊದಲ 5 ವರ್ಷ ವರ್ಷಕ್ಕೆ 21 ದಿನದ ಬೇಸಿಕ್‌ನ ಹಾಗೆ. ಹಾಗಾಗಿ ಒಟ್ಟು ಸಂಬಳ ಒಂದೇ ಇದ್ದರೂ ಬೇಸಿಕ್ ಕಡಿಮೆ ಹಾಕಿದ್ದರೆ ನಷ್ಟ ನಿನಗೇ. ಅರ್ಥ ಆಗದ ಸಾಲಿನ ಫೋಟೋ ನನಗೆ ಕಳಿಸು, ಅರ್ಥ ಹೇಳುತ್ತೇನೆ. ತುಂಬಿಸುವುದು, ಸಹಿ ಹಾಕುವುದು ನೀನೇ.

ಕೊನೆಗೆ ಏನು ತರಬೇಕು ಅಂತ ಕೇಳಿದ್ದೀಯಲ್ಲ. ಕಪ್ಪು ಶೂ ಒಂದು ಜೊತೆ, ಮೆತ್ತಗಿನದ್ದು. ದಿನವಿಡೀ ನಿಂತೇ ಇರಬೇಕು. ಮಾತ್ರೆ ತರುವುದಾದರೆ ಡಾಕ್ಟರ ಚೀಟಿ ಜೊತೆಗಿರಲಿ, ಊರಲ್ಲಿ ಮಾಮೂಲು ಸಿಗುವ ಕೆಲವು ನೋವಿನ ಮಾತ್ರೆ, ಕೆಮ್ಮಿನ ಔಷಧಿ ಇಲ್ಲಿ ಕಟ್ಟುನಿಟ್ಟು. ಅಮ್ಮ ಪಾಯಸಕ್ಕೆ ಅಂತ ಗಸಗಸೆ ಕಟ್ಟಿಕೊಟ್ಟರೆ ಬೇಡ ಅನ್ನು, ಅದು ಇಲ್ಲಿ ಮಾದಕ ವಸ್ತುವಿನ ಲೆಕ್ಕ, ಜೈಲೂ ಆಗಬಹುದು. ಅಡಿಕೆ ಊರಿನವನು ಅಂತ ಎಲೆಯಡಿಕೆ ಸಂಚಿಯನ್ನೂ ಹಿಡಿದುಕೊಂಡು ಬರಬೇಡ. ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಧಾರಾಳ ತಾ. ಬಾಟಲಿಗೆ ಎರಡು ಪ್ಲಾಸ್ಟಿಕ್ ಸುತ್ತಿ ಚೆಕ್ ಇನ್ ಬ್ಯಾಗಿನ ನಡುವೆ, ಬಟ್ಟೆಯೊಳಗೆ ಇಡು. ಕೈಚೀಲದಲ್ಲಿ ಇಟ್ಟರೆ ಬಜ್ಪೆ ಏರ್‌ಪೋರ್ಟಿನಲ್ಲೇ ತೆಗೆಸುತ್ತಾರೆ. ಒಂದು ಬಾಟಲಿ ನನ್ನ ಲೆಕ್ಕಕ್ಕೆ ಇರಲಿ. ಟಿಕೆಟ್ ಆದ ಕೂಡಲೇ ದಿನ ತಿಳಿಸು, ರಜೆ ಸಿಕ್ಕಿದರೆ ಏರ್‌ಪೋರ್ಟಿಗೆ ಬರುತ್ತೇನೆ.