ಸಾಸ್ಕಟೂನ್‌ಗೆ ಹೋದಾಗ ವಾನಸ್ಕೇವಿನ್ ಪಾರ್ಕ್ ನೋಡಲೇಬೇಕಾ? ಎಷ್ಟು ಹೊತ್ತು ಬೇಕು?

ಖಂಡಿತ ನೋಡಿ, ಅರ್ಧ ದಿನ ಇಟ್ಟುಕೊಳ್ಳಿ. ಮೂಲನಿವಾಸಿಗಳ ಪರಂಪರೆ ತೋರಿಸುವ ಈ ಪಾರ್ಕ್ ಕೆನಡಾದ ಸಾಸ್ಕಟೂನ್ ಊರಿಂದ ಸ್ವಲ್ಪ ಉತ್ತರಕ್ಕೇ ಇದೆ. ಒಳಗಿನ ಪ್ರದರ್ಶನದಲ್ಲೇ ಹೊತ್ತು ಕಳೆಯಬೇಡಿ, ಕಣಿವೆಗೆ ಇಳಿಯಿರಿ. ಮೇಲಿಂದ ಬರೀ ಹುಲ್ಲುಬಯಲು ಅನ್ನಿಸುತ್ತದೆ. ಆದರೆ ಒಪಿಮಿಹಾ ತೊರೆ ದೊಡ್ಡ ನದಿ ಸೇರುವ ಈ ತಗ್ಗಿನಲ್ಲಿ ನೀರು, ಸೌದೆ, ಗಾಳಿಗೆ ಮರೆ ಎಲ್ಲ ಸಿಗುತ್ತಿತ್ತು, ಹಾಗಾಗಿ 6,000 ವರ್ಷಕ್ಕೂ ಹಿಂದಿನಿಂದ ಮೂಲನಿವಾಸಿಗಳು ಇಲ್ಲಿ ಬೀಡು ಬಿಡುತ್ತಿದ್ದರು, ಬೈಸನ್ (ಕಾಡೆಮ್ಮೆಯಂಥ ದೊಡ್ಡ ಪ್ರಾಣಿ) ಹಿಂಡನ್ನು ದಿಬ್ಬದ ಅಂಚಿಗೆ ಅಟ್ಟಿ ಕೆಡವಿ ಬೇಟೆಯಾಡುತ್ತಿದ್ದರು.

ಆಮೇಲೆ ಬೈಸನ್‌ಗಳು ಇಲ್ಲಿಂದ ಕಾಣೆಯಾದವು. 2019ರ ಕೊನೆಗೆ ಮತ್ತೆ ತಂದು ಬಿಟ್ಟರು. ಮಜಾ ಏನಂದರೆ, ಮರುವರ್ಷವೇ ಅವು ಹೊರಳಾಡಿ ಮಣ್ಣು ಕೆದರಿದ ಜಾಗದಲ್ಲಿ ಕೆತ್ತನೆಯ ಕಲ್ಲುಗಳು ಸಿಕ್ಕವು. ಒಂದರ ಮೇಲೆ ಪಕ್ಕೆಲುಬಿನಂಥ ಗೀರುಗಳು, ಹತ್ತಿರದಲ್ಲೇ ಕಲ್ಲಿನ ಚಾಕು! ಇಲ್ಲಿ ಅಗೆದು ಹುಡುಕುವ ಪುರಾತತ್ವದವರಿಗೆ ಅಷ್ಟು ವರ್ಷ ಸಿಗದ್ದು ಇವಕ್ಕೆ ಸುಮ್ನೆ ಸಿಕ್ಕಿತು ಅಲ್ವಾ.

ನೆಲದ ಮೇಲೆ ಕಲ್ಲುಗಳನ್ನು ಚಕ್ರದಂತೆ ಜೋಡಿಸಿಟ್ಟ, ಸುಮಾರು 1,500 ವರ್ಷ ಹಳೆಯ ರಚನೆಯೂ ಇದೆ. ಅದು ಮೂಲನಿವಾಸಿಗಳಿಗೆ ಪವಿತ್ರ, ಹಾಗಾಗಿ ಕಲ್ಲು ಮುಟ್ಟುವುದು, ಕದಲಿಸುವುದು ಬೇಡ. ಬಿಸಿಲಿಗೆ ಟೋಪಿ, ನೀರು ಮರೆಯಬೇಡಿ, ನೆರಳು ಕಡಿಮೆ. ಹಸಿವಾದರೆ ಅಲ್ಲಿನ ರೆಸ್ಟೋರೆಂಟ್‌ನಲ್ಲಿ ಬ್ಯಾನಕ್ ಅನ್ನೋ ದಪ್ಪ ರೊಟ್ಟಿ ಕೇಳಿ. ಸಸ್ಯಾಹಾರಿಗಳು ಯಾವ ಕೊಬ್ಬು ಹಾಕಿದ್ದಾರೆ ಅಂತ ಮೊದಲೇ ವಿಚಾರಿಸಿ.