ನೀವು ಕೇಳಿದಿರಿ: ಅಮೆರಿಕನ್ ಫುಟ್‌ಬಾಲಿನ ಮುಂದಿನ ಸಾಲಿನ ಐವರು

ಪ್ರಶ್ನೆ: ಸೂಪರ್ ಬೌಲ್ ಪಂದ್ಯ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ ಐದಕ್ಕೆ ಶುರುವಾಗುತ್ತದೆ. ಎದ್ದು ನೋಡಿದೆ. ಎದುರಾಳಿಗಳ ಮುಂದೆ ಸಾಲಾಗಿ ಬಗ್ಗಿ ನಿಲ್ಲುವ ಐವರು ದಢೂತಿಗಳು ಕೊನೆಯವರೆಗೂ ಚೆಂಡು ಹಿಡಿದು ಓಡಲೇ ಇಲ್ಲ. ಅವರ ಕೆಲಸವಾದರೂ ಏನು? ಚೆನ್ನಾಗಿ ಆಡಿದರೋ ಇಲ್ಲವೋ ಎಂದು ತಿಳಿಯುವುದು ಹೇಗೆ?
(ಮೈಸೂರಿನ ಓದುಗರು)

ಉತ್ತರ: ಅವರು ಅಫೆನ್ಸಿವ್ ಲೈನ್‌ಮನ್‌ಗಳು. ನಡುವೆ ಸೆಂಟರ್, ಅವನ ಎರಡು ಪಕ್ಕದಲ್ಲಿ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಸೆಂಟರ್ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ, ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಕೊಡುತ್ತಾನೆ, ಅದೇ ಸ್ನ್ಯಾಪ್. ಮಿಕ್ಕ ನಾಲ್ವರು ಚೆಂಡು ಮುಟ್ಟದೆಯೇ ಇಡೀ ಋತು ಕಳೆಯಬಹುದು. 50ರಿಂದ 79ರವರೆಗಿನ ಅಂಗಿ ತೊಟ್ಟವನು ಪಾಸ್ ಹಿಡಿಯುವ ಜಾಗದಲ್ಲಿ ನಿಲ್ಲಬೇಕಾದರೆ ಮೊದಲೇ ರೆಫರಿಗೆ ತಿಳಿಸಬೇಕು. ಪಾಸ್ ಎಸೆಯುವ ಮುನ್ನ ಇವರು ಚೆಂಡಿಟ್ಟ ಗೆರೆಯಿಂದ ಒಂದು ಗಜಕ್ಕಿಂತ ಮುಂದೆ ಹೋದರೆ ತಂಡಕ್ಕೆ 5 ಗಜ ದಂಡ.

ಕೆಲಸ ಎರಡೇ: ಓಟಗಾರನಿಗೆ ದಾರಿ ಬಿಡಿಸುವುದು, ಕ್ವಾರ್ಟರ್‌ಬ್ಯಾಕ್‌ಗೆ ಪಾಸ್ ಎಸೆಯಲು ಎರಡೂವರೆ ಮೂರು ಸೆಕೆಂಡು ಗಳಿಸಿಕೊಡುವುದು. ಎರಡನೆಯದು ಕಷ್ಟ, ಏಕೆಂದರೆ ಅದನ್ನು ಹಿಂದಕ್ಕೆ ಸರಿಯುತ್ತಲೇ ಮಾಡಬೇಕು.

ಮುಂದಿನ ಸಲ ಸ್ನ್ಯಾಪ್ ಆದೊಡನೆ ಚೆಂಡು ಬಿಟ್ಟು ಎಡ ಟ್ಯಾಕಲ್‌ನ ಪಾದ ನೋಡಿ. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಕಾಣದ ಬದಿ ಕಾಯುವವನು ಅವನೇ. ಭಾರವನ್ನು ಒಳಗಿನ ಬಲಗಾಲಿನ ಮೇಲಿಟ್ಟು ಎಡಗಾಲನ್ನು ಹಿಂದಕ್ಕೂ ಹೊರಕ್ಕೂ ಓರೆಯಾಗಿ ಸರಿಸುತ್ತಾನೆ, ಬಲಗಾಲು ನೆಲ ಸವರಿಕೊಂಡು ಹಿಂಬಾಲಿಸುತ್ತದೆ. ಪಾದಗಳು ಒಂದನ್ನೊಂದು ದಾಟಬಾರದು, ತೀರಾ ಹತ್ತಿರವೂ ಬರಬಾರದು. ಸೊಂಟ ಬೇಗ ಹೊರಕ್ಕೆ ತಿರುಗಿದರೆ ಎದುರಾಳಿ ಒಳಬದಿಯಿಂದ ನುಗ್ಗುತ್ತಾನೆ. ಮಂಡಿ ಬಗ್ಗಿಸದೆ ಸೊಂಟ ಬಗ್ಗಿಸಿದರೆ ತಲೆ ಮುಂದಾಗುತ್ತದೆ. ಆಗ ತೋಳು ಹಿಡಿದು ಎಳೆದರೂ ಸಾಕು, ಮುಗ್ಗರಿಸುತ್ತಾನೆ. ಹೊಸಬರು ಸೋಲುವುದು ಬಹುಪಾಲು ಇಲ್ಲಿಯೇ, ಬಲ ಸಾಲದೆ ಅಲ್ಲ.

ಇವರ ಒಳ್ಳೆಯ ಆಟಕ್ಕೆ ಅಧಿಕೃತ ಅಂಕಿಅಂಶವಿಲ್ಲ. ಹೆಸರು ಕೇಳಿಬರುವುದು ದಂಡ ಬಿದ್ದಾಗ ಮಾತ್ರ. ವೀಕ್ಷಕ ವಿವರಣೆಗಾರರು ಒಬ್ಬ ಟ್ಯಾಕಲ್‌ನ ಹೆಸರನ್ನು ಮೂರು ಗಂಟೆ ಎತ್ತಲಿಲ್ಲವೆಂದರೆ ಅವನು ಚೆನ್ನಾಗಿಯೇ ಆಡಿದ್ದಾನೆ ಎನ್ನಬಹುದು.

ಪ್ರಶ್ನೆ: ನಮ್ಮ ಕಬಡ್ಡಿಯಲ್ಲಿ ಹಿಡಿಯುವುದೇ ಆಟ. ಅಲ್ಲಿ ಹಿಡಿದರೆ ದಂಡವಂತೆ. ಆದರೆ ಟಿ.ವಿ.ಯಲ್ಲಿ ನೋಡಿದರೆ ಎಲ್ಲರೂ ಹಿಡಿದೇ ಇರುತ್ತಾರಲ್ಲ?
(ಮಂಡ್ಯದ ಓದುಗರು)

ಉತ್ತರ: ಸರಿಯಾಗಿ ಗಮನಿಸಿದ್ದೀರಿ. ಹೋಲ್ಡಿಂಗ್‌ಗೆ 10 ಗಜ ದಂಡ. ಆದರೆ ಹೆಬ್ಬೆರಳು ಮೇಲಾಗಿ, ಮೊಣಕೈ ಪಕ್ಕೆಗೆ ಒತ್ತಿ, ಅಂಗೈಗಳು ಎದುರಾಳಿಯ ಎದೆಗಟ್ಟಿನ ಒಳಗೇ ಇದ್ದರೆ ರೆಫರಿ ಸಾಮಾನ್ಯವಾಗಿ ಬಿಡುತ್ತಾರೆ. ಅವನು ಪಕ್ಕಕ್ಕೆ ತಪ್ಪಿಸಿಕೊಂಡು ಹೋಗುವಾಗಲೂ ಅಂಗಿ ಬಿಡದಿದ್ದರೆ, ಹೆಗಲಾಚೆಗೆ ತೋಳು ಸುತ್ತಿದರೆ ದಂಡ ಸೂಚಿಸುವ ಹಳದಿ ಬಟ್ಟೆ ಬೀಳುತ್ತದೆ. ಹೀಗಾಗಿ ಬಿಡುವ ಕ್ಷಣವನ್ನೂ ಅಭ್ಯಾಸ ಮಾಡಿಸುತ್ತಾರೆ.

ಪ್ರಶ್ನೆ: ಜೋ ಥಾಮಸ್ ಎಂಬ ನಿವೃತ್ತ ಆಟಗಾರನ ಹಳೆಯ, ಹೊಸ ಚಿತ್ರ ನೋಡಿ ಗಾಬರಿಯಾಯಿತು. ಅರ್ಧಕ್ಕರ್ಧ ಇಳಿದಿದ್ದಾರೆ. ಕಾಯಿಲೆಯೇ?
(ಶಿವಮೊಗ್ಗದ ಓದುಗರು)

ಉತ್ತರ: ಅರ್ಧವಲ್ಲ. ಇಳಿಸಿದ್ದು ಸುಮಾರು 50 ಪೌಂಡ್, ಅಂದರೆ 23 ಕೆ.ಜಿ. ಕಾಯಿಲೆಯೂ ಅಲ್ಲ, ಆ ತೂಕ ಕೆಲಸಕ್ಕೆಂದು ಕಟ್ಟಿಕೊಂಡಿದ್ದು, ಕೆಲಸ ಮುಗಿಯಿತು.

ಥಾಮಸ್ 2007ರಲ್ಲಿ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೂರನೇ ಆಯ್ಕೆಯಾಗಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ ಬಂದ ಎಡ ಟ್ಯಾಕಲ್. ಮೊದಲ ಪಂದ್ಯದಿಂದ ಒಂದೂ ಬಿಡದೆ ಸತತ 10,363 ಸ್ನ್ಯಾಪ್ ಆಡಿದರು. 2017ರ ಅಕ್ಟೋಬರ್‌ನಲ್ಲಿ ಎಡ ತೋಳಿನ ಟ್ರೈಸೆಪ್ಸ್ ಹರಿಯಿತು, ಮುಂದಿನ ಮಾರ್ಚಿನಲ್ಲಿ ನಿವೃತ್ತಿ. ತಂಡ ಅಷ್ಟೂ ವರ್ಷ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. ಆದರೂ 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಸೋಲುವ ತಂಡದ ಲೈನ್‌ಮನ್‌ಗೆ ಸಿಕ್ಕ ಈ ಮನ್ನಣೆ ನಮ್ಮ ದೃಷ್ಟಿಯಲ್ಲಿ ಕಪ್ ಗೆದ್ದುದಕ್ಕಿಂತ ದೊಡ್ಡದು.

300 ಪೌಂಡ್ (136 ಕೆ.ಜಿ.) ದೇಹವನ್ನು ದಿನವೂ ದಣಿಸುತ್ತಲೇ ಇಳಿಯದಂತೆ ನೋಡಿಕೊಳ್ಳುವುದು ಹಿಂಸೆಯ ಕೆಲಸ. ಹಸಿವಿಲ್ಲದಿದ್ದರೂ ಎರಡು ಮೂರು ಗಂಟೆಗೊಮ್ಮೆ ತಿನ್ನಬೇಕು, ಮಲಗುವ ಮುನ್ನವೂ ಏನಾದರೂ ಬೇಕು. ನಿವೃತ್ತಿಯಾದ ಮೇಲೆ ಕೆಲವರಿಗೆ ಆ ಹೆಚ್ಚುವರಿ ಊಟ ನಿಲ್ಲಿಸಿದರೇ ಮೊದಲ ತಿಂಗಳುಗಳಲ್ಲಿ ತೂಕ ಸರಸರನೆ ಇಳಿಯುತ್ತದೆ. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಗಾರ್ಡ್ ಆಗಿದ್ದ ಆಲನ್ ಫನೆಕಾ 100 ಪೌಂಡಿಗೂ ಹೆಚ್ಚು ಇಳಿಸಿ, 2014ರಲ್ಲಿ ನ್ಯೂ ಆರ್ಲಿಯನ್ಸ್ ಮ್ಯಾರಥಾನನ್ನು ನಾಲ್ಕು ಗಂಟೆಯೊಳಗೆ ಓಡಿದರು.

ಎಡವುವವರು ಎಡವುವುದು ಹೀಗೆ: ಕಸರತ್ತು ನಿಲ್ಲುತ್ತದೆ, ತಟ್ಟೆ ಮಾತ್ರ ಹಳೆಯದೇ. ಮಂಡಿ, ಸೊಂಟ ಸವೆದಿರುವುದರಿಂದ ಓಡಲಾಗದು. ದಪ್ಪ ಕತ್ತಿನವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಅದರ ಬೆನ್ನಿಗೇ ರಕ್ತದೊತ್ತಡ. ಆಡುವಾಗ ದೇಹತೂಕ ಸೂಚ್ಯಂಕ 30 ದಾಟಿದ್ದವರಿಗೆ ಹೃದ್ರೋಗದಿಂದ ಸಾಯುವ ಅಪಾಯ ಇತರ ಆಟಗಾರರ ಎರಡರಷ್ಟು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 2012ರಲ್ಲಿ ವರದಿ ಮಾಡಿತು. ಲೈನ್‌ಮನ್‌ಗಳಲ್ಲಿ ಆ ಗೆರೆ ದಾಟದವರೇ ಅಪರೂಪ. ಹಾಗಾಗಿ ಈಜು, ಸೈಕಲ್, ನಿದ್ರಾ ಪರೀಕ್ಷೆ ಇವೇ ಮೊದಲ ವರ್ಷದ ಕೆಲಸಗಳು.

ಪ್ರಶ್ನೆ: ಕೋಟಿಗಟ್ಟಲೆ ಗಳಿಸುವವರಿಗೆ ಪಿಂಚಣಿ ಏಕೆ?
(ಬೆಂಗಳೂರಿನ ವಾಣಿಜ್ಯ ಉಪನ್ಯಾಸಕರು)

ಉತ್ತರ: ಕೋಟಿಗಳು ಕೆಲವರಿಗಷ್ಟೇ, ಅದೂ ಕೆಲವೇ ವರ್ಷ. 2025ರಲ್ಲಿ ಹೊಸಬನ ಕನಿಷ್ಠ ಸಂಬಳ 8,40,000 ಡಾಲರ್. ಅದನ್ನು ಋತುವಿನ 18 ವಾರಗಳಿಗೆ ಹಂಚುತ್ತಾರೆ, ವಾರಕ್ಕೆ ಸುಮಾರು 46,667. ಆರನೇ ವಾರ ಕೈಬಿಟ್ಟರೆ ಉಳಿದ ಚೆಕ್ಕುಗಳು ಸಾಮಾನ್ಯವಾಗಿ ಬರುವುದಿಲ್ಲ. ಒಪ್ಪಂದದ ಮೊತ್ತ ಪತ್ರಿಕೆಯಲ್ಲಿ ಎಷ್ಟೇ ದೊಡ್ಡದಾಗಿ ಕಂಡರೂ ನೋಡಬೇಕಾದ್ದು ಖಾತರಿ ಮೊತ್ತವನ್ನು ಮಾತ್ರ. ಅದರಲ್ಲೂ ಏಜೆಂಟ್‌ಗೆ ಶೇ 3ರವರೆಗೆ, ಕೇಂದ್ರ ತೆರಿಗೆ, ಪಂದ್ಯವಾಡಿದ ರಾಜ್ಯಗಳ ತೆರಿಗೆ ಬೇರೆ.

ಪಿಂಚಣಿಗೆ ಅರ್ಹನಾಗಲು ಮೂರು ಮಾನ್ಯ ಋತುಗಳು ಬೇಕು. ಅಷ್ಟಾದವನಿಗೆ ನಿವೃತ್ತಿಯ ಬಳಿಕ ಐದು ವರ್ಷ ಆರೋಗ್ಯ ವಿಮೆಯೂ ಉಂಟು. ಎರಡೇ ಋತುವಿಗೆ ಮನೆಗೆ ಹೋದವನಿಗೆ ಈ ಎರಡೂ ಇಲ್ಲ, ಮಂಡಿ ನೋವು ಮಾತ್ರ ಉಳಿಯುತ್ತದೆ.

ಪ್ರಶ್ನೆ: ಮಗನಿಗೆ 15 ವರ್ಷ, 190 ಪೌಂಡ್. ಹೈಸ್ಕೂಲ್ ಕೋಚ್ ಅವನನ್ನು ಗಾರ್ಡ್ ಮಾಡುತ್ತೇನೆ, 40 ಪೌಂಡ್ ಹೆಚ್ಚಿಸಿಕೋ ಎಂದಿದ್ದಾರೆ. ನಾವು ಸಸ್ಯಾಹಾರಿಗಳು. ತಲೆಗೆ ಪೆಟ್ಟಿನ ಭಯವೂ ಇದೆ.
(ಟೆಕ್ಸಾಸ್‌ನಲ್ಲಿರುವ ಓದುಗರು)

ಉತ್ತರ: ಒಂದೇ ಬೇಸಿಗೆಯಲ್ಲಿ 40 ಪೌಂಡ್ ಎಂದರೆ ಒಪ್ಪಬೇಡಿ. ವಾರಕ್ಕೆ ಅರ್ಧದಿಂದ ಒಂದು ಪೌಂಡ್ ಮೀರಿದರೆ ಬರುವುದು ಹೆಚ್ಚಾಗಿ ಕೊಬ್ಬು, ಭಾರ ಬೀಳುವುದು ಇನ್ನೂ ಬೆಳೆಯುತ್ತಿರುವ ಮಂಡಿಯ ಮೇಲೆ. ಪ್ರೋಟೀನ್ ದೇಹತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ, ಅಂದರೆ ನಿಮ್ಮ ಹುಡುಗನಿಗೆ ದಿನಕ್ಕೆ ಸುಮಾರು 140 ಗ್ರಾಂ. ಅನ್ನ ಸಾರಿನಿಂದ ಇದು ಆಗದು. ಹಾಲು, ಗಟ್ಟಿ ಮೊಸರು, ಪನೀರ್, ತೋಫು, ಸೋಯಾ, ಕಾಳುಗಳನ್ನು ನಾಲ್ಕೈದು ಹೊತ್ತಿಗೆ ಹಂಚಿ. ನಡು ಸುತ್ತಳತೆ ತಿಂಗಳಿಗೊಮ್ಮೆ ಅಳೆಯಿರಿ. ತೂಕಕ್ಕಿಂತ ನಡು ಬೇಗ ಏರುತ್ತಿದ್ದರೆ ಊಟ ತಗ್ಗಿಸಿ.

ತಲೆಯ ಭಯ ಸಕಾರಣವೇ. ಸ್ಟೀಲರ್ಸ್‌ನ ಸೆಂಟರ್ ಮೈಕ್ ವೆಬ್‌ಸ್ಟರ್ 17 ಋತು ಆಡಿ, 2002ರಲ್ಲಿ 50ನೇ ವಯಸ್ಸಿಗೆ ತೀರಿಕೊಂಡರು. ಡಾ. ಬೆನೆಟ್ ಒಮಾಲು ಅವರ ಮಿದುಳು ಪರೀಕ್ಷಿಸಿ, ತಲೆಗೆ ಪದೇ ಪದೇ ಬೀಳುವ ಪೆಟ್ಟಿನಿಂದಾಗುವ ಸಿ.ಟಿ.ಇ. ಎಂಬ ಹಾನಿ ಗುರುತಿಸಿದರು. ಮುಂದೆ 2017ರ ಅಧ್ಯಯನವೊಂದರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್.ಎಫ್.ಎಲ್. ಆಡಿದ್ದ 111 ಮಂದಿಯ ಮಿದುಳುಗಳಲ್ಲಿ 110ರಲ್ಲಿ ಅದು ಕಂಡಿತು. ಆದರೆ ಅವು ಕುಟುಂಬದವರು ದಾನ ಕೊಟ್ಟ ಮಿದುಳುಗಳು, ತೊಂದರೆ ಕಂಡವರದೇ ಹೆಚ್ಚು. ಹಾಗಾಗಿ ಎಲ್ಲ ಆಟಗಾರರಿಗೂ ಇದೇ ಗತಿ ಎಂದು ಓದಬಾರದು. ಲೈನ್‌ಮನ್‌ಗೆ ಅಪಾಯ ಒಂದು ದೊಡ್ಡ ಹೊಡೆತದಿಂದ ಬರುವುದಕ್ಕಿಂತ, ಪ್ರತಿ ಸ್ನ್ಯಾಪಿನಲ್ಲೂ ಬೀಳುವ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಣ್ಣ ಪೆಟ್ಟುಗಳಿಂದ ಬರುವುದೇ ಹೆಚ್ಚು.

ಕೋಚ್‌ರನ್ನು ಕೇಳಿ: ವಾರಕ್ಕೆ ಎಷ್ಟು ದಿನ ಪೂರ್ಣ ಡಿಕ್ಕಿಯ ಅಭ್ಯಾಸ? ಕೈ ಮೊದಲು, ತಲೆ ಹಿಂದೆ ಎಂದು ಕಲಿಸುತ್ತೀರಾ? ಹೆಲ್ಮೆಟ್ ಮೇಲಿನ ಮೆತ್ತನೆಯ ಗಾರ್ಡಿಯನ್ ಕ್ಯಾಪ್ ಇದೆಯೇ? 2022ರಿಂದ ಎನ್.ಎಫ್.ಎಲ್. ತರಬೇತಿ ಶಿಬಿರದಲ್ಲಿ ಲೈನ್‌ಮನ್‌ಗಳಿಗೆ ಅದು ಕಡ್ಡಾಯ. ತಲೆಗೆ ಪೆಟ್ಟಾದ ಅನುಮಾನ ಬಂದರೆ ಆ ದಿನ ಮತ್ತೆ ಆಡಿಸುವಂತಿಲ್ಲ. ಟೆಕ್ಸಾಸ್ ಕಾನೂನಿನ ಪ್ರಕಾರ ಶಾಲಾ ತಂಡಕ್ಕೆ ಮರಳಲು ವೈದ್ಯರ ಲಿಖಿತ ಒಪ್ಪಿಗೆಯೂ ನಿಮ್ಮ ಸಹಿಯೂ ಬೇಕು. ತಲೆನೋವು ಪೂರ್ತಿ ಹೋಗುವ ಮುನ್ನ ಆ ಸಹಿ ಹಾಕಬೇಡಿ.

ಮಗ ಓದಿನಲ್ಲಿ ಚುರುಕಾಗಿದ್ದರೆ ಜಾನ್ ಅರ್ಶೆಲ್ ಬಗ್ಗೆ ಹೇಳಿ. ಬಾಲ್ಟಿಮೋರ್ ರೇವನ್ಸ್‌ನ ಗಾರ್ಡ್ ಆಗಿದ್ದವರು 2017ರಲ್ಲಿ, ಇನ್ನೂ 26 ವರ್ಷಕ್ಕೇ ಆಟ ಬಿಟ್ಟು, ಎಂ.ಐ.ಟಿ.ಯಲ್ಲಿ ಗಣಿತದ ಪಿಎಚ್.ಡಿ. ಮುಗಿಸಿ ಈಗ ಅಲ್ಲೇ ಪಾಠ ಹೇಳುತ್ತಿದ್ದಾರೆ.